ಉಳಿಕಿ ನೀರು

ಹುಬ್ಬಳ್ಳಿ
೧೨ ಜುಲೈ ೧೯೬೪

ಅಕ್ಕಾ,

ಪತ್ರ ಹಾಕಲಿಲ್ಲವೆಂದು ಎರಡು ಸಲ ಬೈದಿದ್ದೀ. ಮೂರನೆಯ ಸಲ ಬೈಯುವ ಮೊದಲು ಬರೆಯುತ್ತಿದ್ದೇನೆ. ನಾನು ಆರಾಮಿದ್ದೇನೆ. ಕಾಲೇಜು ಶುರುವಾಗಿ ಹತ್ತು ದಿನವಾಯಿತು. ಕೊನೆಯ ವರ್ಷದ ಇಪ್ಪತ್ತೆರಡು ಹುಡುಗರು ನನ್ನ ಪಾಲಿಗೆ ಬಂದಿದ್ದಾರೆ.

ಈ ವರ್ಷ ಹೊಸ ವಿಷಯ ಕಲಿಸುತ್ತಿದ್ದೇನೆ. ರೂರ್ಕಿಗೆ ಹೋಗಿ ಎರಡು ವರ್ಷ ಓದಿದ್ದು ಇದನ್ನೇ. ಒಡ್ಡು ಕಟ್ಟುವುದನ್ನು, ಕಾಲುವೆ ತೋಡುವುದನ್ನು ಎಲ್ಲರೂ ಕಲಿಸುತ್ತಾರೆ. ಕಟ್ಟಿದ ಮೇಲೆ ನೀರು ಯಾರಿಗೆ, ಯಾವಾಗ, ಎಷ್ಟು ಎಂಬುದನ್ನು ಯಾರೂ ಕಲಿಸುವುದಿಲ್ಲ. ಮಳೆ, ಕೆರೆ, ತೂಬು, ಕಾಲುವೆ, ಹೊಲ ಎಲ್ಲವನ್ನೂ ಒಂದೇ ವ್ಯವಸ್ಥೆ ಎಂದು ಹಿಡಿದು, ಇಲ್ಲಿ ತುಸು ಬದಲಿಸಿದರೆ ಅಲ್ಲಿ ಏನಾಗುತ್ತದೆ ಎಂದು ಲೆಕ್ಕ ಹಾಕುವ ವಿದ್ಯೆ ಇದು. ಬರೀ ಸೂತ್ರ ಬರೆಸಿದರೆ ಹುಡುಗರು ಆಕಳಿಸುತ್ತಾರೆ. ಅದಕ್ಕೇ ಖರೇ ಊರಿನ ಖರೇ ಕೆರೆಯೊಂದನ್ನು ಅವರ ಮುಂದಿಟ್ಟು, "ಈಗ ನೀವ ಇಲ್ಲಿ ಇಂಜಿನಿಯರು, ನೀರು ಹಂಚ್ರಿ ನೋಡೋಣು" ಅಂದುಬಿಡುವುದು.

ನಾನು ಆರಿಸಿಕೊಂಡದ್ದು ನಮ್ಮ ಹುಣಸೀಕೊಪ್ಪದ ಕೆರೆಯನ್ನು. ಅಪ್ಪ ನಲವತ್ತು ವರ್ಷ ಆ ತೂಬು ತೆಗೆದು ಮುಚ್ಚಿದವನು. ಅವನ ತಲೆಯಲ್ಲಿರುವುದು ಯಾವ ಕಚೇರಿಯ ದಫ್ತರದಲ್ಲೂ ಇಲ್ಲ. ಎಷ್ಟು ದಿನಕ್ಕೊಂದು ಪಾಳಿ, ತೂಬು ಎಷ್ಟಕ್ಕೆ ತೆಗೆದು ಎಷ್ಟಕ್ಕೆ ಮುಚ್ಚುತ್ತಾನೆ, ಮುಚ್ಚಿದ ಮೇಲೆ ಕಾಲುವೆಯಲ್ಲಿ ನೀರು ಎಷ್ಟು ಹೊತ್ತು ಹರಿಯುತ್ತದೆ ಎಂದು ಕೇಳಿ ಬರೆ. ಹೇಗೂ ನೀನು ಸಾಲಿಯ ಅಕ್ಕೋರು, ನಿನ್ನ ಅಕ್ಷರವೂ ಗುಂಡಗೆ ಇದೆ. ಸುಗ್ಗಿಗೆ ಮೊದಲು ಹುಡುಗರನ್ನು ಕರೆತಂದು ತೋರಿಸುತ್ತೇನೆ.

ಇನ್ನೊಂದು ಮಾತು. ಲಕೋಟೆಯ ಮೇಲೆ ಎಚ್. ವೈ. ಹುಣಸೀಕೊಪ್ಪ ಎಂದೇ ಬರೆ. ಹೋದ ಸಲ ನೀನು ಹಳೆಯ ಅಡ್ಡಹೆಸರು ಬರೆದಿದ್ದೆ. ಆ ಪತ್ರ ಸ್ಟಾಫ್ ರೂಮಿನ ಮೇಜಿನ ಮೇಲೆ ಒಂದು ದಿನ ಪೂರ್ತಿ ಬಿದ್ದಿತ್ತು.

ನಿನ್ನ ತಮ್ಮ,
ಹುಲಗಪ್ಪ


ಹುಣಸೀಕೊಪ್ಪ
೨೬ ಜುಲೈ ೧೯೬೪

ತಮ್ಮಾ ಹುಲಗಪ್ಪ,

ಲಕೋಟೆಯ ಮೇಲೆ ನೀನು ಹೇಳಿದ ಹಾಗೇ ಬರೆದಿದ್ದೇನೆ. ಊರನ್ನೇ ಹೆಸರಿಗೆ ಕಟ್ಟಿಕೊಂಡಿದ್ದೀಯಲ್ಲ, ಊರು ಒಪ್ಪಿತೇನು ಎಂದು ಕೇಳಬೇಕೆನಿಸಿತು. ಹೋಗಲಿ ಬಿಡು.

ನಿನ್ನ ಪತ್ರ ಓದಿ ಹೇಳಿದಾಗ ಅಪ್ಪ ನಕ್ಕುಬಿಟ್ಟ. "ಅಂವಗ ಗೊತ್ತಿಲ್ಲೇನ? ನನ್ನ ಹೆಗಲ ಮ್ಯಾಲ ಕುಂತು ಕಾಲವಿ ತುಂಬ ತಿರಗ್ಯಾನಲ್ಲ!" ಅಂದ. ಆಮೇಲೆ ಕೂತಲ್ಲಿ ಕೂಡಲಾರದೆ ಎದ್ದು ಅಳತೆಕೋಲು ತಂದು ತೊಡೆಯ ಮೇಲೆ ಇಟ್ಟುಕೊಂಡು ಹೇಳತೊಡಗಿದ. ಐದು ದಿನಕ್ಕೊಂದು ಪಾಳಿ. ಹತ್ತೊಂಬತ್ತು ಹೊಲ. ಹೊತ್ತು ಹುಟ್ಟಿದಾಗ ತೂಬು ತೆಗೆಯುವುದು, ಮುಳುಗಿದಾಗ ಮುಚ್ಚುವುದು. ಮುಚ್ಚಿದ ಮೇಲೂ ಕಾಲುವೆಯಲ್ಲಿ ಎರಡು ತಾಸು ನೀರು ಹರಿಯುತ್ತದೆ.

ಆ ಎರಡು ತಾಸಿನ ನೀರು ನಮ್ಮ ಕೇರಿಯದು. ಉಳಿಕಿ ನೀರು. ನಿನಗೆ ಇದನ್ನು ಹೇಳಬೇಕಾಗಿಲ್ಲ, ಆದರೆ ನಿನ್ನ ಹುಡುಗರಿಗೆ ಹೇಳಬೇಕಲ್ಲ, ಬರೆಯುತ್ತೇನೆ. ಅದು ಕಾಲುವೆಯ ತುದಿಗೆ ಬಂದು ಹನ್ನೊಂದು ಮನೆಗಳ ಹಿತ್ತಲಿಗೆ ಹಾಯುತ್ತದೆ, ಮಿಕ್ಕದ್ದು ನಮ್ಮ ಬಾವಿಯ ಮಗ್ಗುಲಿನ ಹೊಂಡದಲ್ಲಿ ಇಂಗುತ್ತದೆ. ಬ್ಯಾಸಗಿಯಲ್ಲೂ ನಮ್ಮ ಬಾವಿಯಲ್ಲಿ ಕೊಡ ಮುಳುಗುವುದು ಅದರಿಂದಲೇ. ಊರ ಬಾವಿಗೆ ನಮ್ಮ ಹಗ್ಗ ಇಳಿಯುವ ಹಾಗಿಲ್ಲ ಎಂಬುದನ್ನೂ ಹುಡುಗರಿಗೆ ಹೇಳು.

ಕೋಲಿನ ಮೇಲೆ ಹತ್ತೊಂಬತ್ತು ನೆಟ್ಟನೆಯ ಗೆರೆಗಳಿವೆ, ಹೊಲಕ್ಕೊಂದು. ತಳದಲ್ಲಿ ಒಂದು ಓರೆಗೆರೆ ಇದೆ. ಅದನ್ನು ನಮ್ಮ ಅಜ್ಜನ ಕಾಲಕ್ಕೆ ಊರ ಹಿರಿಯರೇ ಚಾವಡಿಯ ಮುಂದೆ ಕೊರೆಸಿದರು. ಸಂಜೆ ಕಾಲುವೆಯಲ್ಲಿ ಕೋಲು ಇಳಿಸಿದಾಗ ನೀರು ಆ ಓರೆಗೆರೆಯ ಮಟ್ಟ ಇರಬೇಕು, ಆಗಲೇ ತೂಬು ಮುಚ್ಚಬೇಕು. ಅದಕ್ಕಿಂತ ಕಡಿಮೆ ಇದ್ದಾಗ ಮುಚ್ಚಿದರೆ ಕೇರಿಯ ತನಕ ನೀರು ಬರುವುದಿಲ್ಲ. ಇದು ಯಾವ ಕಾಗದದಲ್ಲೂ ಇಲ್ಲ. "ಇದ ನಮ್ಮ ಕಾಗದ" ಎಂದು ಅಪ್ಪ ಕೋಲಿನ ಮೇಲೆ ಕೈ ಆಡಿಸಿದ.

ಬಂದಾಗ ಹುಡುಗರನ್ನು ಕರೆದುಕೊಂಡು ಮನೆಗೇ ಬಾ. ಅಪ್ಪ ಈಗಲೇ ಅಂಗಳ ಸಾರಿಸು ಅನ್ನುತ್ತಿದ್ದಾನೆ, ಈ ಸುರಿಯುವ ಮಳೆಯಲ್ಲಿ!

ನಿನ್ನ ಅಕ್ಕ,
ಮುತ್ತವ್ವ


ಹುಣಸೀಕೊಪ್ಪ
೮ ನವೆಂಬರ್ ೧೯೬೪

ಹುಲಗಪ್ಪ,

ಇಪ್ಪತ್ಮೂರು ಜನಕ್ಕೆ ರೊಟ್ಟಿ ಬಡಿದಿದ್ದೆ. ಎಣ್ಣೆಗಾಯಿ ಮಾಡಿದ್ದೆ, ಅಗಸಿ ಚಟ್ನಿ ಕುಟ್ಟಿದ್ದೆ. ನೆರೆಯ ಫಕೀರವ್ವ ತನ್ನ ಮನೆಯ ತಾಟುಗಳನ್ನೆಲ್ಲ ತಿಕ್ಕಿ ತಂದಿಟ್ಟಿದ್ದಳು. ನೀನು ಮುಗದದ ಸ್ಟೇಷನ್ನಿನಲ್ಲಿ ಇಳಿದು ಹುಡುಗರನ್ನು ನಡೆಸಿಕೊಂಡು ಬಂದೆ, ಕೇರಿಯ ಬಾಯಿಯ ಮುಂದೆಯೇ ಹಾದೆ, ಈ ಕಡೆ ಕತ್ತು ತಿರುಗಿಸಲಿಲ್ಲ. ಗೌಡರ ಪಡಸಾಲೆಯಲ್ಲಿ ಉಂಡೆ. ಕೇರಿಯವನಿಗೆ ಅಲ್ಲಿ ಎಡೆ ಹಾಕಿದ್ದು ಬಹುಶಃ ಅವರಿಗೂ ಹೊಸದಾಗಿತ್ತು, ಊರು ಬಿಟ್ಟು ಇಷ್ಟು ವರ್ಷವಾದ ಮೇಲೆ ನಿನ್ನ ಪ್ಯಾಂಟು ಟೈ ನೋಡಿ ಗುರುತು ಸಿಗಲಿಲ್ಲವೋ ಏನೋ. ಮೂಗಿನ ಮೇಲೆ ಚಾಳೀಸು ಬೇರೆ!

ಅಪ್ಪ ಬೆಳಗಿನಿಂದ ಒಗೆದ ರುಮಾಲು ಸುತ್ತಿಕೊಂಡು ತೂಬಿನ ಹತ್ತಿರ ನಿಂತಿದ್ದ. ನಾನು ಸಾಲಿಯ ಮಕ್ಕಳನ್ನು ಕರೆದುಕೊಂಡು ಏರಿಯ ಮೇಲೆ ಇದ್ದೆ. ಎಲ್ಲ ಕೇಳಿಸುತ್ತಿತ್ತು. ಎತ್ತರದ ಹುಡುಗನೊಬ್ಬ, "ಅಜ್ಜಾ, ತೂಬು ಮುಚ್ಚಿದ ಮ್ಯಾಲ ನೀರು ಎಷ್ಟೊತ್ತು ಹರೀತೈತ್ರಿ?" ಎಂದು ಕೇಳಿದ. ಅಪ್ಪ ನಿನ್ನ ಮುಖ ನೋಡಿದ. ನೀನು ಕೈಯಲ್ಲಿದ್ದ ವಹಿ ನೋಡಿದೆ. "ನಿಮ್ಮ ಸಾಹೇಬ್ರಿಗೆ ಗೊತ್ತೈತ್ರಿ" ಎಂದ ಅಪ್ಪ. ಹೆತ್ತ ಮಗನಿಗೆ ಸಾಹೇಬ್ರು ಎಂದ. ನೀನು ಅದನ್ನೂ ತಗೊಂಡೆ.

ಅಷ್ಟಾದರೂ ಸುಮ್ಮನಿರುತ್ತಿದ್ದೆ. ಅದೇ ಹುಡುಗ ಕೇರಿಯ ಕಡೆ ಕೈ ಮಾಡಿ, "ಸರ್, ಕಾಲವಿ ಅಲ್ಲೇ ಮುಗೀತಲ್ಲ, ಅದರಾಚಿಗೆ ಅದೇನ ಹಸರು?" ಎಂದ. ನೀನು ಉಂಡು ಬೆಳೆದ ಹಿತ್ತಲು ಅದು. "ಸೋರಿಕೆ" ಎಂದೆ. ಇಪ್ಪತ್ತೆರಡು ಪೆನ್ನು ಅದನ್ನು ಬರೆದುಕೊಂಡವು.

ಆ ಸಂಜೆ ನಿಮ್ಮ ಪಾಲಿನ ರೊಟ್ಟಿಯನ್ನು ಕೇರಿಗೆಲ್ಲ ಹಂಚಿದೆ. ಅಪ್ಪ ಉಣ್ಣಲಿಲ್ಲ. ನನಗೇ ಬುದ್ಧಿ ಹೇಳಿದ: "ಅಂವಗ ಬೈಬ್ಯಾಡ ಯವ್ವಾ. ಅಂವದು ನೌಕರಿ ಐತಿ."

ಮುತ್ತವ್ವ


ಹುಬ್ಬಳ್ಳಿ
೨ ಡಿಸೆಂಬರ್ ೧೯೬೪

ಅಕ್ಕಾ,

ಮೂರು ವಾರ ಪೆನ್ನು ಹಿಡಿಯಲಾಗಲಿಲ್ಲ. ನೀನು ಬರೆದದ್ದರಲ್ಲಿ ಸುಳ್ಳು ಒಂದಕ್ಷರವೂ ಇಲ್ಲ.

ಆದರೆ ನನ್ನದನ್ನೂ ಕೇಳು. ನಿನ್ನನ್ನು ಅಲ್ಲಿ ಎಲ್ಲರೂ ಬಲ್ಲರು, ನೀನು ಮುಚ್ಚಿಡಬೇಕಾದದ್ದು ಏನೂ ಇಲ್ಲ. ನಾನು ಇಲ್ಲಿ ಮಹಾಂತಯ್ಯನವರ ಮನೆಯ ಹಿಂದಿನ ಖೋಲಿಯಲ್ಲಿದ್ದೇನೆ. ಅವರ ಹಿತ್ತಲ ಬಾವಿಯಿಂದ ನಾನೇ ನೀರು ಸೇದಿಕೊಳ್ಳುತ್ತೇನೆ. ನಾನು ಯಾರೆಂದು ತಿಳಿದ ದಿನ ಆ ಹಗ್ಗ ನನ್ನ ಕೈಯಿಂದ ಹೋಗುತ್ತದೆ. ಆ ಎತ್ತರದ ಹುಡುಗ ಅವರ ಅಣ್ಣನ ಮಗ.

ನಮ್ಮ ಲೆಕ್ಕದಲ್ಲಿ ನೀರಿಗೆ ಎರಡೇ ಅಂಕಣ, ಉಪಯೋಗ ಮತ್ತು ನಷ್ಟ. ದಫ್ತರದಲ್ಲಿ ಹೆಸರಿರುವ ಹತ್ತೊಂಬತ್ತು ಹೊಲಗಳದು ಉಪಯೋಗ. ಉಳಿದದ್ದು ನಷ್ಟಕ್ಕೆ ಹೋಗಬೇಕು. ಉಳಿಕಿ ನೀರಿನ ಮಾತು ನಾನಾಗಿ ಎತ್ತಿದರೆ "ಸರ್, ನಿಮಗ ಹೆಂಗ ಗೊತ್ತು?" ಎಂದು ಮೊದಲನೆಯ ಬೆಂಚಿನಿಂದಲೇ ಕೇಳುತ್ತಾರೆ.

ಹುಡುಗರು ಒಳ್ಳೆಯ ಕೆಲಸ ಮಾಡಿದ್ದಾರೆ. ತೂಬನ್ನು ಎರಡು ತಾಸು ಮೊದಲೇ ಮುಚ್ಚಿ, ಕಾಲುವೆಯಲ್ಲಿ ಇರುವ ನೀರಿನಿಂದಲೇ ಕೊನೆಯ ಹೊಲ ಮುಗಿಸುವುದು. ಕಾಲುವೆಗೆ ಸಿಮೆಂಟು, ತುದಿಗೆ ಕಬ್ಬಿಣದ ಬಾಗಿಲು. ಉಳಿಸಿದ ನೀರಿನಲ್ಲಿ ಮೇಲಿನ ಮೂವತ್ತು ಎಕರೆಗೆ ಎರಡನೆಯ ಬೆಳೆ. ನೀರಾವರಿ ಖಾತೆಯ ದೊಡ್ಡ ಸಾಹೇಬರೊಬ್ಬರು ಬಂದು ಕೇಳಿ ಚಪ್ಪಾಳೆ ತಟ್ಟಿದರು. ಒಂದು ಪ್ರತಿಯನ್ನೂ ಕೇಳಿ ಒಯ್ದರು.

ಹೆದರಬೇಡ. ಇದು ಪಾಠ. ಕಾಗದದ ಮೇಲೆ ಬಾಗಿಲು ಹಾಕಿದರೆ ಊರಿನಲ್ಲಿ ನೀರು ನಿಲ್ಲುವುದಿಲ್ಲ.

ಹುಲಗಪ್ಪ


ಹುಣಸೀಕೊಪ್ಪ
೧೦ ಏಪ್ರಿಲ್ ೧೯೬೬

ಹುಲಗಪ್ಪ,

ಹದಿನಾರು ತಿಂಗಳು ನಿನಗೆ ಬರೆಯಲಿಲ್ಲ. ಈಗ ಬರೆಯಬೇಕಾಗಿದೆ. ನಿನ್ನ ಕಾಗದದ ಮೇಲಿನ ಬಾಗಿಲು ಊರಿಗೆ ಬಂದಿದೆ.

ಹೋದ ಬ್ಯಾಸಗಿಯಲ್ಲಿ ಸಿಮೆಂಟಿನ ಚೀಲ ಬಂದವು, ದೀಪಾವಳಿಯ ಹೊತ್ತಿಗೆ ಕಬ್ಬಿಣದ ಬಾಗಿಲು. ಅದಕ್ಕೆ ಬೀಗ, ಬೀಗದ ಕೈ ಗೌಡರ ಕಾರಕೂನನ ಉಡದಾರದಲ್ಲಿ. "ಯಮನಪ್ಪಾ, ಇನ್ನ ನೀ ಆರಾಮ ಮನ್ಯಾಗ ಕುಂಡ್ರು" ಎಂದು ಅಪ್ಪನನ್ನು ತೂಬಿನಿಂದ ಬಿಡಿಸಿದರು. ಹಿತ್ತಲು ಒಣಗಿದ್ದಕ್ಕೆ ನಾವು ಅಳಲಿಲ್ಲ. ಫೆಬ್ರುವರಿಯಲ್ಲಿ ಬಾವಿಯ ತಳ ಕಂಡಿತು. ಅಪ್ಪನ ಆಯುಷ್ಯದಲ್ಲಿ ಅದು ಕಂಡಿರಲಿಲ್ಲ.

ಈಗ ನಾವು ಹೆಂಗಸರು ಊರ ಬಾವಿಯ ಕಟ್ಟೆಯಿಂದ ಹತ್ತು ಮಾರು ದೂರ ಕೊಡ ಇಟ್ಟುಕೊಂಡು ಕೂಡುತ್ತೇವೆ. ಯಾರಿಗಾದರೂ ಮನಸ್ಸು ಬಂದರೆ ಮೇಲಿನಿಂದ ಸುರಿಯುತ್ತಾರೆ. ಗೌಡ್ತಿ ಸಂಗವ್ವ ಛಲೋ ಹೆಣ್ಣುಮಗಳು. "ಅಕ್ಕೋರ, ನಿಮ್ಮ ಕೊಡಾ ಮುಂದ ಇಡ್ರಿ" ಎಂದು ನನ್ನನ್ನೇ ಮೊದಲು ಕರೆಯುತ್ತಾಳೆ, ಅವಳ ಮಗಳು ನನ್ನ ಸಾಲಿಗೆ ಬರುತ್ತಾಳೆ. ಆ ಹುಡುಗಿಗೆ ಬೆಳಿಗ್ಗೆ ಮಗ್ಗಿ ಹೇಳಿಸುತ್ತೇನೆ, ಸಂಜೆ ಅವಳ ತಾಯಿಯ ಮುಂದೆ ಕೊಡ ಒಡ್ಡುತ್ತೇನೆ. ನನಗೆ ಎಷ್ಟು ನಾಚಿಕೆಯಾಗುತ್ತದೆಂದು ನಿನಗೆ ಬರೆದು ತಿಳಿಸಲಾರೆ.

ಓವರಸಿಯರ್ ನಕಾಶೆ ಬಿಚ್ಚಿ ತೋರಿಸಿದ. ಕೇರಿ ಇರುವಲ್ಲಿ ಇಂಗ್ಲಿಷಿನಲ್ಲಿ ಒಂದೇ ಶಬ್ದ ಇತ್ತು. ಏನದು ಎಂದು ಕೇಳಿದೆ. "ನಷ್ಟ ಅಂತ ಬರದಾರ್ರಿ" ಅಂದ. ಕೆಳಗೆ ಕನ್ನಡದಲ್ಲಿ ನಿನ್ನ ಸಹಿ. ಆ ಅಕ್ಷರ ಸ್ಲೇಟಿನ ಮೇಲೆ ನಿನ್ನ ಕೈ ಹಿಡಿದು ತಿದ್ದಿಸಿದವಳು ನಾನು, ಗುರುತು ಹಿಡಿಯಲು ಹೊತ್ತು ಬೇಕಾಗಲಿಲ್ಲ.

ಹನ್ನೊಂದು ಮನೆಯವರೂ ಸೇರಿ ನೀರಾವರಿ ಖಾತೆಗೆ ಅರ್ಜಿ ಹಾಕಿದ್ದೇವೆ. ಉಳಿಕಿ ನೀರು ಮೊದಲಿನಿಂದಲೂ ಕೇರಿಯ ಹಕ್ಕು ಎಂದು ತಿಳಿದವರು ಯಾರಾದರೂ ಬರೆದುಕೊಡಬೇಕಂತೆ. ನೀನು ಬರೆದುಕೊಡು. ನಷ್ಟ ಎಂದು ಬರೆದವನೇ ಅದು ತಪ್ಪು ಎಂದರೆ ಸಾಹೇಬರು ಕೇಳುತ್ತಾರೆ. ನಾಲ್ಕು ಸಾಲು ಸಾಕು, ಹುಲಗಪ್ಪ.

ನಿನ್ನ ಅಕ್ಕ,
ಮುತ್ತವ್ವ


ಹುಬ್ಬಳ್ಳಿ
೨ ಮೇ ೧೯೬೬

ಅಕ್ಕಾ,

ನಿನ್ನ ಪತ್ರ ದಿಂಬಿನ ಕೆಳಗಿದೆ. ನಾಲ್ಕು ಸಾಲನ್ನು ಆರು ಸಲ ಬರೆದು ಹರಿದೆ. 'ಇದು ನನಗೆ ತಿಳಿದಿದೆ' ಎಂದು ಬರೆದ ಕೂಡಲೇ 'ಹೇಗೆ ತಿಳಿದಿದೆ' ಎಂದು ಬರೆಯಬೇಕಾಗುತ್ತದೆ. ಅಕ್ಟೋಬರಿನಲ್ಲಿ ಮೇಲಿನ ಹುದ್ದೆಯ ಸಂದರ್ಶನವಿದೆ. ಅದೊಂದು ಮುಗಿಯಲಿ.

ಇನ್ನೊಂದು ದಾರಿ ಇದೆ. ಅಪ್ಪನೇ ಬಂದು ಹುಡುಗರ ಮುಂದೆ ಮಾತಾಡಲಿ. ಕೋಲನ್ನೂ ತರಲಿ. ಒಂದು ಅಂಕಣ ತಪ್ಪಾದರೆ ಊರಿಗೆ ಏನಾಗುತ್ತದೆ ಎಂಬುದನ್ನೇ ಈ ಪಾಠದ ಎರಡನೆಯ ಭಾಗವಾಗಿ ಕಲಿಸುತ್ತೇನೆ. ಸತ್ಯ ಅಪ್ಪನ ಬಾಯಿಂದ ಹೊರಬಿದ್ದರೆ ನಾನು ಅದನ್ನು ಒಪ್ಪಿ ಬರೆಯುವುದು ಸುಲಭ. ಅವನನ್ನು ಸೆಪ್ಟೆಂಬರಿನಲ್ಲಿ ಕಳಿಸು.

ಹುಲಗಪ್ಪ


ಹುಬ್ಬಳ್ಳಿ
೨೦ ಸೆಪ್ಟೆಂಬರ್ ೧೯೬೬

ಅಕ್ಕಾ,

ಅಪ್ಪ ಬಂದು ಹೋದ. ಒಂದೂವರೆ ತಾಸು ಮಾತಾಡಿದ. "ತೂಬ ತಗದಾಗ ಮದಲನೇ ಹೊಲ ನೋಡಬ್ಯಾಡ್ರೆಪಾ, ಕಡೀ ಮನೀ ಒಲಿ ಹೊಗಿ ಕಾಣತೈತೇನ ನೋಡ್ರಿ" ಎಂದಾಗ ಹುಡುಗರು ತಲೆಬಗ್ಗಿಸಿ ಬರೆದುಕೊಂಡರು. ನಾನು ರೂರ್ಕಿಯಲ್ಲಿ ಎರಡು ವರ್ಷ ಓದಿದ್ದನ್ನು ಅವನು ಒಂದು ಮಾತಿನಲ್ಲಿ ಹೇಳಿಬಿಟ್ಟ.

ಒಬ್ಬ ಹುಡುಗ ಓರೆಗೆರೆಯ ಮೇಲೆ ಬೆರಳಿಟ್ಟು, "ಇದು ಯಾತರದು ಅಜ್ಜಾ?" ಎಂದು ಕೇಳಿದ. ಅಪ್ಪ ನನ್ನ ಕಡೆ ನೋಡಿ, "ಅದು ಹಳೇದ್ರಿ, ಏನೋ ಒಂದು" ಎಂದುಬಿಟ್ಟ. ಹೇಳುತ್ತಾನೆ ಎಂದುಕೊಂಡಿದ್ದೆ. ಅಪ್ಪ ಹೇಳಲಿಲ್ಲ, ಅಕ್ಕಾ. ನಾನೂ ಕೇಳಲಿಲ್ಲ.

ಪರಿಚಯ ಮಾಡಿಕೊಡುವಾಗ 'ಹುಣಸೀಕೊಪ್ಪದ ಅನುಭವಸ್ಥ ತೂಬಿನವರು' ಎಂದೆ. ಬಾಯಿಗೆ ಅದೇ ಬಂತು.

ಪ್ರಿನ್ಸಿಪಾಲರು ಕೋಲನ್ನು ಬಹಳ ಮೆಚ್ಚಿದರು. "ನಿಮ್ಮ ಸರ್‌ಗ ಉಪಯೋಗ ಆಕ್ಕೈತಿ ಅಂದ್ರ ಇಟಗೋರಿ" ಎಂದು ಅಪ್ಪ ಕೊಟ್ಟೇಬಿಟ್ಟ. ಮಾದರಿಗಳ ಖೋಲಿಯಲ್ಲಿ ಗಾಜಿನ ಕಪಾಟಿನಲ್ಲಿ ಇಡಿಸುತ್ತಾರಂತೆ. ಸಂದರ್ಶನದ ಹೊತ್ತಿಗೆ ಇದು ನನಗೆ ಒಳ್ಳೆಯದೇ ಆಯಿತು. ಇದನ್ನು ಬರೆಯಲು ನನಗೆ ಹೇಸಿಗೆಯಾಗುತ್ತದೆ, ಆದರೂ ಬರೆದಿದ್ದೇನೆ.

ಹುಲಗಪ್ಪ


ಹುಣಸೀಕೊಪ್ಪ
೩ ನವೆಂಬರ್ ೧೯೬೬

ಹುಲಗಪ್ಪ,

ಇದೇ ತಿಂಗಳ ಇಪ್ಪತ್ತೊಂದಕ್ಕೆ ಸಾಹೇಬರು ಅರ್ಜಿಯ ವಿಚಾರಣೆಗೆ ಬರುತ್ತಾರೆ. ನಿನ್ನ ಬರಹ ಬೇಡ, ನೀನೂ ಬರಬೇಡ. ಕೋಲು ಕಳಿಸು. ಚಾವಡಿಯ ಮುಂದೆ ಕೊರೆದ ಗೆರೆ ಅದು, ಅದನ್ನು ಕಂಡ ಇಬ್ಬರು ಮುದುಕರು ಊರಿನಲ್ಲಿ ಇನ್ನೂ ಇದ್ದಾರೆ. ಕೋಲು ಎದುರಿಗಿದ್ದರೆ ಇಲ್ಲವೆನ್ನಲಾರರು. ಮುಗದದ ಸ್ಟೇಷನ್ನಿಗೆ ಕಳಿಸಿದರೆ ನಾನೇ ಬಂದು ತಗೊಳ್ಳುತ್ತೇನೆ. ಅಪ್ಪ ಕೋಲು ಕೊಟ್ಟು ಬಂದ ದಿನದಿಂದ ನಾನು ಅವನ ಜೊತೆ ಸರಿಯಾಗಿ ಮಾತಾಡಿಲ್ಲ. ನನ್ನಿಂದ ಆ ಪಾಪ ಮಾಡಿಸಬೇಡ.

ಮುತ್ತವ್ವ


ಹುಬ್ಬಳ್ಳಿ
೧೭ ನವೆಂಬರ್ ೧೯೬೬

ಅಕ್ಕಾ,

ಕಾರ್ಡಿನಲ್ಲಿ ಬರೆಯುತ್ತಿದ್ದೇನೆ, ಅವಸರವಿದೆ. ಕೋಲನ್ನು ಕಾಲೇಜಿನ ಸಾಮಾನಿನ ರಜಿಸ್ಟರಿನಲ್ಲಿ ಏರಿಸಿದ್ದಾರೆ. ಪ್ರಿನ್ಸಿಪಾಲರ ಅಪ್ಪಣೆ ಇಲ್ಲದೆ ಹೊರಗೆ ಒಯ್ಯುವಂತಿಲ್ಲ. 'ಅಭ್ಯಾಸಕ್ಕಾಗಿ' ಎಂದು ಕಾರಣ ಕೊಟ್ಟು ವಿನಂತಿ ಬರೆದಿಟ್ಟಿದ್ದೇನೆ. ಅವರು ಪುಣೆಗೆ ಹೋಗಿದ್ದಾರೆ, ಇಪ್ಪತ್ನಾಲ್ಕಕ್ಕೆ ಬರುತ್ತಾರೆ. ಸಂದರ್ಶನದಲ್ಲಿ ಆಯ್ಕೆಯಾದೆ.

ಹು.


ಹುಣಸೀಕೊಪ್ಪ
೧೫ ಜನವರಿ ೧೯೬೭

ಶ್ರೀ ಎಚ್. ವೈ. ಹುಣಸೀಕೊಪ್ಪ ಅವರಿಗೆ,

ವಿಚಾರಣೆ ಹೇಗಾಯಿತೆಂದು ನೀವು ಕೇಳಿ ಬರೆಯಲಿಲ್ಲ. ಆದರೂ ತಿಳಿಸುವುದು ಧರ್ಮ.

ಸಾಹೇಬರು ಬಂದರು. "ನಿಮ್ಮ ಹಕ್ಕಿಗೆ ಏನ ಪುರಾವೆ ಐತಿ?" ಎಂದು ಕೇಳಿದರು. ಅಪ್ಪ ಮುಂದೆ ಹೋಗಿ, ಕೋಲು ಇಷ್ಟುದ್ದ ಇತ್ತು, ಓರೆಗೆರೆ ಇಲ್ಲಿ ಇತ್ತು ಎಂದು ಬರಿಗೈಯಿಂದ ಗಾಳಿಯಲ್ಲಿ ತೋರಿಸಿದ. ಕಾರಕೂನ ನಕ್ಕ. ಇಬ್ಬರು ಮುದುಕರೂ ಗೌಡರ ಮುಖ ನೋಡಿ, "ನೆಪ್ಪಿಲ್ರಿ" ಅಂದರು. ಆಮೇಲೆ ಸಾಹೇಬರು ನಿಮ್ಮ ಕಾಲೇಜಿನ ವರದಿಯನ್ನೇ ತೆಗೆದು, ಅದು ನಷ್ಟದ ನೀರು, ನಷ್ಟದ ಮೇಲೆ ಯಾರಿಗೂ ಹಕ್ಕಿಲ್ಲ ಎಂದು ಅರ್ಜಿಯನ್ನು ವಜಾ ಮಾಡಿದರು. ಬರೆದವರು ಬಹಳ ಕಲಿತವರು ಎಂದೂ ಹೇಳಿದರು.

ಮೊನ್ನೆ ಹುಬ್ಬಳ್ಳಿಗೆ ಬಂದಿದ್ದೆ. ಕೋಲನ್ನು ಕಣ್ಣಾರೆ ನೋಡಬೇಕಿತ್ತು. ನೀವು ಪಾಠ ಮಾಡುತ್ತಿದ್ದಿರಿ. ಬಾಗಿಲ ಹೊರಗೆ ನಿಂತು ಕೇಳಿದೆ. ಹೊರಗೆ ನಿಂತು ಪಾಠ ಕೇಳುವುದು ನಮಗೆ ರೂಢಿಯೇ ಇದೆ, ನೀವೂ ಎರಡನೆಯ ಇಯತ್ತೆಯ ತನಕ ಹಾಗೇ ಕೇಳಿದವರು. ನಮ್ಮ ಕೆರೆಯನ್ನೇ ಕಲಿಸುತ್ತಿದ್ದಿರಿ. ನಷ್ಟ ನೂರಕ್ಕೆ ಹದಿನಾಲ್ಕರಿಂದ ಮೂರಕ್ಕೆ ಇಳಿಯಿತು ಎಂದಿರಿ. ಎರಡನೆಯ ಭಾಗ ಬರುತ್ತದೆಂದು ಗಂಟೆ ಬಾರಿಸುವ ತನಕ ನಿಂತಿದ್ದೆ. ಬರಲಿಲ್ಲ. ಒಳಗೆ ಬಂದು ಕೂಗಾಡಬೇಕೆಂದು ಸಿಟ್ಟು ಉಕ್ಕಿತ್ತು. ನಿಮ್ಮ ಕೊರಳಲ್ಲಿ ಅಪ್ಪನ ದನಿ ಕೇಳಿಸಿತು, ತಿರುಗಿ ಮಾದರಿಗಳ ಖೋಲಿಯ ಕಡೆ ನಡೆದೆ.

ಪ್ಯೂನ್ ಪಾಪದ ಮನುಷ್ಯ. ಕಪಾಟು ತೋರಿಸಿದ. ಕೋಲಿಗೆ ಎಣ್ಣೆ ಒರೆಸಿ ಛಲೋ ಇಟ್ಟಿದ್ದೀರಿ. ಕೆಳಗೆ ಚೀಟಿ ಇದೆ, ನಿಮ್ಮದೇ ಅಕ್ಷರ. 'ನೀರಿನ ಅಳತೆಕೋಲು. ಊರು: ಹುಣಸೀಕೊಪ್ಪ. ಕೊಟ್ಟವರು: ಗ್ರಾಮಸ್ಥರು.'

ಮನೆಗೆ ಬಂದಾಗ ಅಪ್ಪ ಹೊಚ್ಚಲದ ಮೇಲೆ ಕೂತು ಕಾಯುತ್ತಿದ್ದ.

"ಕೋಲು ನೋಡಿದ್ಯಾ ಯವ್ವಾ?"

"ನೋಡಿದ್ನಿ. ಗಾಜಿನ ಕಪಾಟಿನ್ಯಾಗ ಇಟ್ಟಾರ."

ಅಪ್ಪ ಮುಖ ಆ ಕಡೆ ಮಾಡಿ, "ನನ್ನ ಹೆಸರೇನರ ಬರದಾರೇನ?" ಎಂದು ಕೇಳಿದ.

ಸಾಲಿಯಲ್ಲಿ ಮಕ್ಕಳಿಗೆ ಸುಳ್ಳು ಹೇಳಬಾರದು ಎಂದು ದಿನಾ ಕಲಿಸುತ್ತೇನೆ. "ಹೂಂ ಅಪ್ಪಾ. ದೊಡ್ಡ ಅಕ್ಷರದಾಗ ಬರದಾರ. ಯಮನಪ್ಪ, ನಮ್ಮ ಹುಲಗಪ್ಪ ಸರ್ ಅವರ ತಂದಿ ಅಂತ" ಎಂದೆ.

ಅಪ್ಪ ಖುಷಿಪಡುತ್ತಾನೆ ಎಂದುಕೊಂಡಿದ್ದೆ. ಗಾಬರಿಯಿಂದ ನನ್ನ ಕೈ ಹಿಡಿದುಕೊಂಡ. "ಹಂಗ ಬರೀಬಾರದಾಗಿತ್ತು ಯವ್ವಾ. ಅಂವಗ ತ್ರಾಸ ಆಕ್ಕೈತಿ. ಲಗೂ ಒಂದು ಪತ್ರಾ ಹಾಕು, ನನ್ನ ಹೆಸರು ಅಳಸಾಕ ಹೇಳು."

ಅವನು ಹೇಳಿದಂತೆ ಪತ್ರ ಹಾಕಿದ್ದೇನೆ. ನೀವು ಅಳಿಸುವುದು ಏನೂ ಉಳಿದಿಲ್ಲ.

ಇಂತಿ,
ಗ್ರಾಮಸ್ಥರು